ಸಂಕಲ್ಪನಗರವೂ ಸ್ವಗೃಹವೂ

ಇಂದಿನ ತರುಣರಿಗೆ ಎರಡು ಮನೆಗಳುಂಟು. ತಂದೆತಾಯಿಗಳೊಡನೆ ಉಂಡು ಮಲಗುವ ಮನೆ ಒಂದು. ಗಣಕಯಂತ್ರದ ಮುಖಾಂತರ ಹೊಕ್ಕು, ಇಚ್ಛೆಬಂದ ರೂಪವನ್ನು ತಳೆದು, ಕಾಣದ ಮಿತ್ರರೊಡನೆ ಸಂಚರಿಸುವ ಅಂತರಜಾಲದ ಮನೆ ಇನ್ನೊಂದು. ಮೊದಲನೆಯದು ಸತ್ಯ, ಎರಡನೆಯದು ಮಿಥ್ಯೆ ಎಂಬುದು ಲೋಕದ ಸಾಮಾನ್ಯ ನಿರ್ಣಯ. ಈ ನಿರ್ಣಯವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಚೀನಾದೇಶದ ಗ್ವಾಂಗ್‌ಜೋ ನಗರದಲ್ಲಿ ೧೯೭೮ರಲ್ಲಿ ಜನಿಸಿದ ಕಲಾವಿದೆ ತ್ಸಾವ್ ಫೇಯ ಮೂರು ಕೃತಿಗಳ ಮೂಲಕ ಪರೀಕ್ಷಿಸಬಹುದಾಗಿದೆ.

ಮೊದಲನೆಯದು ೨೦೦೪ರ ‘ಕಾಸ್‌ಪ್ಲೇಯರ್ಸ್’ ಎಂಬ ಕಿರು ಚಲಚ್ಚಿತ್ರ. ಜಪಾನಿನ ಚಿತ್ರಕಥೆಗಳ ಮತ್ತು ಆಟಗಳ ವೀರರಂತೆ ವೇಷ ಧರಿಸಿದ ಗ್ವಾಂಗ್‌ಜೋ ತರುಣರು ನಗರದ ಮುಗಿಲೆತ್ತರದ ಕಟ್ಟಡಗಳ ನಡುವೆಯೂ ಬಯಲುಗಳಲ್ಲಿಯೂ ಕಾದಾಡುತ್ತಾರೆ. ಕೊನೆಗೆ ವೇಷವನ್ನು ಕಳಚದೆಯೇ ಮನೆಗೆ ಮರಳುತ್ತಾರೆ. ಅಲ್ಲಿ ಹಿರಿಯರು ತಮ್ಮ ನಿತ್ಯದ ಕೆಲಸದಲ್ಲಿ ಮಗ್ನರು. ಕವಚಧಾರಿಯಾಗಿ ಪಕ್ಕದಲ್ಲಿ ಕುಳಿತ ಮಗುವಿನತ್ತ ಅವರ ದೃಷ್ಟಿ ಹರಿಯುವುದಿಲ್ಲ. ಬಯಲಿನಲ್ಲಿ ಉತ್ಸಾಹವೇ ಮೂರ್ತಿವೆತ್ತಂತಿದ್ದವರು ಮನೆಯಲ್ಲಿ ಮೌನಿಗಳು. ಕೃತಿಯ ಬಲವೆಲ್ಲ ಈ ಕೊನೆಯ ಭಾಗದಲ್ಲಿದೆ.

ಈ ತರುಣರು ಭ್ರಾಂತರೆಂಬುದು ಪೂರ್ವಪಕ್ಷ. ಅಭಿನವಭಾರತಿಯಲ್ಲಿ ಉದ್ಧೃತವಾದ ಶಂಕುಕನ ಮತದಲ್ಲಿ, ನಟನಲ್ಲಿ ರಾಮನನ್ನು ಕಾಣುವ ಪ್ರತೀತಿಯು ಸಮ್ಯಗ್‌ಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯವೂ ಅಲ್ಲ; ಅದು ಚಿತ್ರದ ಕುದುರೆಯಲ್ಲಿ ‘ಇದು ಕುದುರೆ’ ಎಂಬ ಪ್ರತೀತಿಯಂತೆ ವಿಲಕ್ಷಣವಾದುದು. ಶಂಕುಕನ ಅನುಕರಣವಾದವನ್ನು ಅಭಿನವಗುಪ್ತನು ಖಂಡಿಸಿರುವನಾದರೂ ಈ ದೃಷ್ಟಾಂತವು ಇಲ್ಲಿ ಉಪಯುಕ್ತವೇ. ಖಡ್ಗ ಹಿಡಿದ ತರುಣನು ತಾನು ವೀರನೆಂದು ಮೋಸಹೋದವನಲ್ಲ. ಸಂಜೆಗೆ ಮನೆಯ ದಾರಿಯನ್ನು ಅವನು ಮರೆಯುವುದಿಲ್ಲ. ಆದುದರಿಂದ ಭ್ರಾಂತಿಯೆಂಬ ಆಕ್ಷೇಪವು ನಿಲ್ಲದು.

ಎರಡನೆಯದು ‘ಐ.ಮಿರರ್’. ೨೦೦೭ರ ವೆನಿಸ್ ಕಲಾಪ್ರದರ್ಶನದಲ್ಲಿ ಚೀನಾದ ಪರವಾಗಿ ಇರಿಸಲ್ಪಟ್ಟ ಈ ಚಿತ್ರವು, ಅಮೆರಿಕೆಯ ಲಿಂಡೆನ್ ಲ್ಯಾಬ್ ಸಂಸ್ಥೆಯು ೨೦೦೩ರಲ್ಲಿ ತೆರೆದ ‘ಸೆಕೆಂಡ್ ಲೈಫ್’ ಎಂಬ ಕಲ್ಪಿತಲೋಕದಲ್ಲಿಯೇ ಚಿತ್ರಿತವಾದುದು. ಅಲ್ಲಿ ಧರಿಸುವ ರೂಪಕ್ಕೆ ‘ಅವತಾರ’ವೆಂದೇ ಹೆಸರು. ಚೈನಾ ಟ್ರೇಸಿ ಎಂಬ ಅವತಾರವನ್ನು ತಳೆದ ಕಲಾವಿದೆಯು ಹಗ್ ಯೂ ಎಂಬ ತರುಣನನ್ನು ಕಂಡು ಸಂಭಾಷಿಸುತ್ತಾಳೆ. ಆ ತರುಣರೂಪದ ಹಿಂದಿರುವವನು ವೃದ್ಧನೆಂದು ಬಳಿಕ ತಿಳಿಯುವುದು. ಸ್ವಗೃಹದಲ್ಲಿ ಹಿರಿಯರು ಕಣ್ಣೆತ್ತಿ ನೋಡದಿರಲು, ಕಲ್ಪಿತಲೋಕದಲ್ಲಿ ಅಪರಿಚಿತನಾದ ಹಿರಿಯನೊಬ್ಬನು ಕಿವಿಗೊಡುತ್ತಾನೆ. ಕೇಳುವವನ ಮುಖವೂ ವೇಷವೇ ಎಂಬ ಅಪಾಯವನ್ನು ಚಿತ್ರವು ಮುಚ್ಚಿಡದಿರುವುದು ಅದರ ಗುಣ.

ಮೂರನೆಯದಾದ ‘ಆರ್‌ಎಂಬಿ ಸಿಟಿ’ಯು ೨೦೦೯ರಲ್ಲಿ ಅದೇ ಲೋಕದೊಳಗೆ ತೆರೆದು ೨೦೧೧ರವರೆಗೆ ನಡೆದ ನಗರ. ಬೀಜಿಂಗಿನ ಹಕ್ಕಿಗೂಡಿನಾಕಾರದ ಕ್ರೀಡಾಂಗಣ, ಕ್ರೇನಿನಿಂದ ತೂಗುವ ದೂರದರ್ಶನ ಭವನ, ಆಕಾಶದಲ್ಲಿ ತೇಲುವ ಪಾಂಡಾ ಇವೆಲ್ಲವೂ ಅಲ್ಲಿ ಒಂದರ ಪಕ್ಕದಲ್ಲೊಂದು ಕಾಣುತ್ತಿದ್ದುವು. ಅದರ ಮೊದಲ ನಗರಾಧ್ಯಕ್ಷನು ಚೀನೀ ಕಲೆಯ ಪ್ರಸಿದ್ಧ ಸಂಗ್ರಾಹಕನಾದ ಉಲಿ ಸಿಗ್. ನಗರದ ಪರಿಹಾಸವು ಚತುರವಾದುದು. ಆದರೆ ರಸದೃಷ್ಟಿಯಿಂದ ಮೂರರಲ್ಲಿ ಇದೇ ದುರ್ಬಲ. ಅದ್ಭುತವು ಅಲ್ಲಿ ಧಾರಾಳ, ಕರುಣಕ್ಕೆ ಆಶ್ರಯವಿಲ್ಲ. ಏಕೆಂದರೆ ಮರಳಿಹೋಗಬೇಕಾದ ಮನೆಯು ಆ ಕೃತಿಯೊಳಗೆ ಕಾಣುವುದೇ ಇಲ್ಲ.

ಈ ವಿಚಾರಕ್ಕೆ ಯೋಗವಾಸಿಷ್ಠದ ಲೀಲೋಪಾಖ್ಯಾನವು ಒಳ್ಳೆಯ ಒರೆಗಲ್ಲು. ಮೃತನಾದ ಪತಿಯ ಜೀವವು ತನ್ನ ಅಂತಃಪುರವನ್ನು ಬಿಟ್ಟು ಹೋಗದಿರಲೆಂದು ಲೀಲೆಯು ಸರಸ್ವತಿಯಿಂದ ವರ ಪಡೆದಳು. ಆ ಕೋಣೆಯ ಆಕಾಶದಲ್ಲಿಯೇ ಬೇರೊಂದು ರಾಜ್ಯವನ್ನೂ ಅಲ್ಲಿ ಆಳುತ್ತಿರುವ ಪತಿಯನ್ನೂ ಕಂಡಳು. ಆದರೆ ಆ ಸಭೆಯವರಿಗೆ ಆಕೆ ಕಾಣಿಸಲಿಲ್ಲ. ಒಬ್ಬನ ಸಂಕಲ್ಪನಗರವು ಇನ್ನೊಬ್ಬನಿಗೆ ಕಾಣದೆಂಬುದು ಅಲ್ಲಿಯ ದೃಷ್ಟಾಂತ. ಗ್ವಾಂಗ್‌ಜೋ ಮನೆಯ ಸ್ಥಿತಿಯೂ ಇದೇ. ಒಂದೇ ಕೋಣೆಯಲ್ಲಿ ಎರಡು ಲೋಕಗಳು. ನಡುವೆ ಗೋಡೆಯಿಲ್ಲ, ನೋಟವೂ ಇಲ್ಲ. ಭೇದವಿಷ್ಟೆ: ಲೀಲೆಯು ಪ್ರಿಯನಾದವನನ್ನು ಅರಸಿ ಅವನ ಲೋಕವನ್ನು ಹೊಕ್ಕಳು, ಇಲ್ಲಿಯ ಹಿರಿಯರು ಹೊಗಲು ಯತ್ನಿಸಿದವರಲ್ಲ.

ಇಂತಿರಲು, ಯಾವ ಮನೆ ಸತ್ಯ, ಯಾವುದು ಮಿಥ್ಯೆ ಎಂಬ ಪ್ರಶ್ನೆಯು ಈ ಕೃತಿಗಳಿಗೆ ಮುಖ್ಯವಲ್ಲ. ಎಲ್ಲಿ ತರುಣನನ್ನು ನೋಡುವ ಕಣ್ಣುಂಟು ಎಂಬುದೇ ಮುಖ್ಯ. ಮೂರರಲ್ಲಿ ಅತ್ಯಂತ ಚಿಕ್ಕದಾದ ‘ಕಾಸ್‌ಪ್ಲೇಯರ್ಸ್’ ಸಹೃದಯರ ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುವುದು ಇದರಿಂದಲೇ. ಮಕ್ಕಳ ವೇಷವನ್ನು ನೋಡಿ ನಗುವ ಅಥವಾ ಗದರಿಸುವ ಹಿರಿಯನಾದರೂ ಅವರನ್ನು ಕಂಡವನಾಗುತ್ತಾನೆ. ಆ ಚಿತ್ರದ ಹಿರಿಯರು ಅಷ್ಟನ್ನೂ ಮಾಡುವುದಿಲ್ಲ.