ಬೀಜಕ್ಕೆ ತಕ್ಕ ಗ್ರೈಂಡರ್

ಮನೆಯಲ್ಲಿ ಎಸ್ಪ್ರೆಸೊ ಮಾಡಲು ಹೊರಟವರು ಸಾಮಾನ್ಯವಾಗಿ ಹಣದ ದೊಡ್ಡ ಪಾಲನ್ನು ಹೊಳೆಯುವ ಕಾಫಿ ಯಂತ್ರಕ್ಕೆ ಸುರಿದು, ಮಿಕ್ಕಿದ್ದರಲ್ಲಿ ಗ್ರೈಂಡರ್ ಕೊಳ್ಳುತ್ತಾರೆ. ಈ ಕ್ರಮ ತಿರುವುಮುರುವಾಗಬೇಕು. ಸುಮಾರು 9 ಬಾರ್ ಒತ್ತಡದ ಬಿಸಿನೀರನ್ನು 18 ಗ್ರಾಂ ಪುಡಿಯ ಮೂಲಕ ಹಾಯಿಸಿ, 25ರಿಂದ 30 ಸೆಕೆಂಡುಗಳಲ್ಲಿ 36 ಗ್ರಾಂ ಕಾಫಿ ಇಳಿಸುವುದು ಎಸ್ಪ್ರೆಸೊದ ರೂಢಿಯ ಅಳತೆ. ಪಂಪು ನೀರನ್ನು ತಳ್ಳುತ್ತದೆ, ಆ ನೀರನ್ನು ತಡೆದು ಸಾರ ಬಿಡುವ ಕೆಲಸವೆಲ್ಲ ಪುಡಿಯದು. ಫಿಲ್ಟರಿನಲ್ಲಿ ಡಿಕಾಕ್ಷನ್ ತನ್ನಷ್ಟಕ್ಕೆ ತೊಟ್ಟಿಕ್ಕುವುದರಿಂದ ಪುಡಿ ತುಸು ತರಿಯಾದರೂ ನಡೆದುಹೋಗುತ್ತದೆ. ಎಸ್ಪ್ರೆಸೊದಲ್ಲಿ ಅಂಥ ರಿಯಾಯಿತಿ ಇಲ್ಲ. ಹೀಗಾಗಿ ಹೈದರಾಬಾದಿನ ಕಾಚಿಗುಡದ ಹಳೆಯ ಕನ್ನಡ ಮನೆಯಾಗಲಿ, ಕೊಂಡಾಪುರದ ಹೊಸ ಫ್ಲ್ಯಾಟಾಗಲಿ, ಅಂಗಡಿಯಲ್ಲಿ ಬೀಸಿಸಿ ತಂದ ಚಿಕೋರಿ ಬೆರೆತ ಪುಡಿ ಈ ಕೆಲಸಕ್ಕೆ ಒದಗುವುದಿಲ್ಲ.

ಗ್ರೈಂಡರಿನಲ್ಲಿ ಬೀಜವನ್ನು ನುರಿಸುವ, ಹಲ್ಲು ಕೊರೆದ ಜೋಡಿ ಉಕ್ಕಿನ ಭಾಗಗಳಿಗೆ ಬರ್ ಎಂದು ಹೆಸರು. ಎರಡು ಬಿಲ್ಲೆಗಳು ಎದುರುಬದುರಾಗಿದ್ದರೆ ಅದು ಚಪ್ಪಟೆ ಬರ್. ಉಂಗುರದೊಳಗೆ ಶಂಕುವಿನಾಕಾರದ ತಿರುಳು ತಿರುಗಿದರೆ ಅದು ಶಂಕು ಬರ್. ಯಾವ ಬರ್ ಕೂಡ ಒಂದೇ ಗಾತ್ರದ ಕಣಗಳನ್ನು ಕೊಡುವುದಿಲ್ಲ, ಬೇಕಾದ ಗಾತ್ರದ ಕಣಗಳ ಜೊತೆಗೆ ಹಿಟ್ಟಿನಂಥ ಅತಿಸೂಕ್ಷ್ಮ ಕಣಗಳೂ ಬೀಳುತ್ತವೆ. ಶಂಕು ಬರ್‌ನಲ್ಲಿ ಈ ಹಿಟ್ಟಿನ ಪಾಲು ಸಾಮಾನ್ಯವಾಗಿ ಹೆಚ್ಚಿರುವುದರಿಂದ ಕಾಫಿಗೆ ಮಂದವಾದ ಮೈ ಬರುತ್ತದೆ. ಒಳ್ಳೆಯ ಚಪ್ಪಟೆ ಬರ್‌ನಲ್ಲಿ ಹಣ್ಣಿನ ಹುಳಿ, ಹೂವಿನ ಗಂಧ, ಸಿಹಿ ಇವೆಲ್ಲ ಬಿಡಿಬಿಡಿಯಾಗಿ ನಾಲಿಗೆಗೆ ಸಿಗುತ್ತವೆ. 63 ಮಿಲಿಮೀಟರಿನ ಶಂಕು ಬರ್ ಇರುವ ನಿಶ್ ಜೀರೊ ಮೊದಲ ಗುಂಪಿಗೂ, 64 ಮಿಲಿಮೀಟರಿನ ಚಪ್ಪಟೆ ಬರ್ ಇರುವ ಡಿಎಫ್64, ಲಗೋಮ್ ಪಿ64ಗಳು ಎರಡನೆಯದಕ್ಕೂ ಸೇರುತ್ತವೆ. ಮಾಲ್ಕೋನಿಗ್ ಇಕೆ43ರ 98 ಮಿಲಿಮೀಟರಿನ ಬರ್‌ಗಳಿಗೆ ಎಷ್ಟೇ ಕೀರ್ತಿಯಿದ್ದರೂ ಅದು ಅಂಗಡಿಗಾಗಿ ಹುಟ್ಟಿದ ಯಂತ್ರ. ಮನೆಯ ಅಡುಗೆಕಟ್ಟೆಗೆ ಅದು ಅತಿಯಾಯಿತು.

ಇವುಗಳಲ್ಲಿ ಯಾವುದು ಎಂಬುದನ್ನು ಬೀಜ ತೀರ್ಮಾನಿಸಬೇಕು. 2019ರಲ್ಲಿ ಭಾರತದ ಐದು ಕಾಫಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು: ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಮತ್ತು ಅರಕು ಕಣಿವೆಯ ಅರೇಬಿಕಾಗಳು, ಹಾಗೂ ವಯನಾಡಿನ ರೊಬಸ್ಟಾ. ಆದಿವಾಸಿ ರೈತರು ಬೆಳೆಯುವ ಅರಕು ಬೀಜವನ್ನಾಗಲಿ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಎಸ್.795 ತಳಿಯನ್ನಾಗಲಿ ಹದವಾಗಿ, ಕಡಿಮೆ ಹುರಿದು, ಹಾಲಿಲ್ಲದೆ ಕುಡಿಯುವ ಮನೆಗೆ ಚಪ್ಪಟೆ ಬರ್‌ಗೆ ಕೊಟ್ಟ ಹಣ ಸಾರ್ಥಕ. ಕಡುವಾಗಿ ಹುರಿದ ಬೀಜಕ್ಕೆ ಲೋಟದ ತುಂಬ ಹಾಲು ಬೆರೆಸುವ ಮನೆಯಲ್ಲಿ ಆ ಸೂಕ್ಷ್ಮಗಳೆಲ್ಲ ಹಾಲಿನಲ್ಲಿ ಮುಳುಗಿಹೋಗುತ್ತವೆ. ಹಾಲಿನ ಕಾಫಿ ಕೀಳೆಂದು ಇದರರ್ಥವಲ್ಲ. ಆ ಕಾಫಿಗೆ ಶಂಕು ಬರ್‌ನ ಮೈಕಟ್ಟೇ ಹೆಚ್ಚು ಒಪ್ಪುತ್ತದೆ.

ಬರ್‌ನ ವ್ಯಾಸಕ್ಕಿಂತಲೂ ಅದರ ಜೋಡಣೆ ಮುಖ್ಯವೆಂಬುದನ್ನು ಮಾರಾಟದ ಪತ್ರಿಕೆಗಳು ಹೇಳುವುದಿಲ್ಲ. ಎರಡು ಬಿಲ್ಲೆಗಳು ಸಮಾನಾಂತರವಾಗಿರದೆ ಒಂದು ಪಕ್ಕ ಬಿಗಿ, ಇನ್ನೊಂದು ಪಕ್ಕ ಸಡಿಲವಾಗಿದ್ದರೆ ಒಂದೇ ಸುತ್ತಿನಲ್ಲಿ ತರಿಯೂ ಹಿಟ್ಟೂ ಬೀಳುತ್ತದೆ. ಪರೀಕ್ಷೆ ಸರಳವಾಗಿದೆ: ಬರ್‌ನ ಹೊರ ಅಂಚಿಗೆ ಅಳಿಸಬಹುದಾದ ಮಾರ್ಕರಿನ ಶಾಯಿ ಬಳಿದು, ಪ್ಲಗ್ ತೆಗೆದಿಟ್ಟು, ಎರಡೂ ಬಿಲ್ಲೆಗಳು ತಾಗುವವರೆಗೆ ಬಿಗಿಸಿ, ಕೈಯಿಂದ ಮೆಲ್ಲಗೆ ತಿರುಗಿಸಿದ ಮೇಲೆ ಬಿಚ್ಚಿ ನೋಡಬೇಕು. ಶಾಯಿ ಸುತ್ತಲೂ ಸಮನಾಗಿ ಅಳಿಸಿದ್ದರೆ ಜೋಡಣೆ ಸರಿಯಾಗಿದೆ, ಅರ್ಧಚಂದ್ರದಷ್ಟು ಮಾತ್ರ ಅಳಿಸಿದ್ದರೆ ತಪ್ಪಿದೆ. ಮೆಟ್ಟಿಲುಗಳಿಲ್ಲದೆ ಹೊಂದಿಸಬಲ್ಲ ತಿರುಗಣೆ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಬರ್‌ಗಳ ನಡುವಿನ ಅಂತರ ಕೆಲವೇ ಮೈಕ್ರಾನ್ ಬದಲಾದರೂ ಕಾಫಿ ಇಳಿಯುವ ಹೊತ್ತು ಹಲವು ಸೆಕೆಂಡು ಹಿಂದುಮುಂದಾಗುತ್ತದೆ.

ಹೈದರಾಬಾದಿನ ಹವೆ ಈ ಆಯ್ಕೆಯಲ್ಲಿ ನೇರವಾಗಿ ಕೈಹಾಕುತ್ತದೆ. ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿನಲ್ಲಿ ಗ್ರೈಂಡರಿನ ಬಾಯಿಗೆ ಪುಡಿ ಮೆತ್ತಿಕೊಳ್ಳುತ್ತದೆ, ಬೀಜದ ತೆಳುಪೊರೆಯ ಚೂರುಗಳು ಕಟ್ಟೆಯ ಮೇಲೆಲ್ಲ ಹಾರುತ್ತವೆ, ತೂಗಿ ಹಾಕಿದ ಬೀಜಕ್ಕಿಂತ ಹೊರಬಂದ ಪುಡಿ ಕಡಿಮೆಯಾಗುತ್ತದೆ. ಇದೆಲ್ಲ ಘರ್ಷಣೆಯಿಂದ ಹುಟ್ಟುವ ಸ್ಥಿರವಿದ್ಯುತ್ತಿನ ಕೆಲಸ. ಒರೆಗಾನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕ್ರಿಸ್ಟಫರ್ ಹೆಂಡನ್ ಜ್ವಾಲಾಮುಖಿ ಬೂದಿಯ ವಿದ್ಯುದಾವೇಶವನ್ನು ಅಭ್ಯಸಿಸಿದ ಸಂಶೋಧಕರೊಡನೆ ಸೇರಿ 2023ರಲ್ಲಿ ಪ್ರಕಟಿಸಿದ ಅಧ್ಯಯನವು, ಬೀಸುವ ಮೊದಲು ಬೀಜಕ್ಕೆ ತುಸು ನೀರು ಸೋಕಿಸಿದರೆ ಈ ಆವೇಶ ತಗ್ಗಿ, ಎಸ್ಪ್ರೆಸೊದ ಸಾರವೂ ಹೆಚ್ಚುವುದನ್ನು ತೋರಿಸಿತು. ಒಂದೆರಡು ಹನಿ ಚಿಮುಕಿಸಿ ಕಲಕುವ ಈ ಕ್ರಮ, ಪ್ರತಿ ಲೋಟಕ್ಕೆ ಬೇಕಾದಷ್ಟೇ ಬೀಜ ತೂಗಿ ಹಾಕುವ ಬಗೆಯ ಗ್ರೈಂಡರಿಗೆ ಮಾತ್ರ ಹೊಂದುತ್ತದೆ. ಮೇಲಿನ ಬಟ್ಟಲಲ್ಲಿ ಬೀಜ ತುಂಬಿಡುವ ಅಂಗಡಿ ಮಾದರಿಯಲ್ಲಿ ಹನಿ ಹಾಕಲು ಜಾಗವೇ ಇಲ್ಲ, ಸಾಲದ್ದಕ್ಕೆ ಒಳಗುಳಿದ ನಿನ್ನೆಯ ಪುಡಿ ಇಂದಿನ ಲೋಟಕ್ಕೆ ಬೀಳುತ್ತದೆ. ದಿನಕ್ಕೆ ಎರಡು ಲೋಟ ಕುಡಿಯುವ ಮನೆಗೆ ತೂಗಿ ಹಾಕುವ ಮಾದರಿಯೇ ಸರಿ.

ಅಮೆರಿಕದಲ್ಲಿರುವ ಮಗನೋ ಮಗಳೋ ಬರುವಾಗ ಗ್ರೈಂಡರ್ ತರಿಸಿಕೊಳ್ಳುವುದು ಈ ಊರಿನಲ್ಲಿ ಸಹಜ. ಅಲ್ಲಿನ ವಿದ್ಯುತ್ತು 120 ವೋಲ್ಟ್, 60 ಹರ್ಟ್ಜ್. ಇಲ್ಲಿಯದು 230 ವೋಲ್ಟ್, 50 ಹರ್ಟ್ಜ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸೀತೇ ಹೊರತು ಹರ್ಟ್ಜನ್ನು ಬದಲಿಸಲಾರದು, ಹೀಗಾಗಿ ಇಂಡಕ್ಷನ್ ಮೋಟಾರು ಆರರಲ್ಲಿ ಐದು ಪಾಲು ವೇಗಕ್ಕೆ ಇಳಿದು, ಬೇಗ ಬಿಸಿಯೂ ಆಗುತ್ತದೆ. ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದು ಬರೆದಿರುವ ಡಿಸಿ ಮೋಟಾರಿನ ಮಾದರಿಗಳಿಗೆ ಈ ತೊಡಕಿಲ್ಲ.

ತೋಳಿನಲ್ಲಿ ಬಲವಿದ್ದವರಿಗೆ ಕರೆಂಟಿನ ಹಂಗೇ ಇಲ್ಲದ ಕೈ ಗ್ರೈಂಡರ್ ಕೂಡ ಉತ್ತಮ ದಾರಿ. ಜರ್ಮನಿಯ ಕಿನು ಎಂ47 ಒಂದೊಂದು ಗೆರೆಗೆ 10 ಮೈಕ್ರಾನ್ ಸರಿಯುವುದರಿಂದ ಎಸ್ಪ್ರೆಸೊಗೆ ಒಗ್ಗುತ್ತದೆ. ಹೆಸರಾಂತ ಕಮಾಂಡಾಂಟೆ ಸಿ40 ಒಂದು ಕ್ಲಿಕ್ಕಿಗೆ 30 ಮೈಕ್ರಾನ್ ಜಿಗಿಯುವುದರಿಂದ ಇದ್ದಂತೆಯೇ ಅಷ್ಟಾಗಿ ಒಗ್ಗದು. ಟೈಟೇನಿಯಂ ಲೇಪದ ಬರ್‌ಗಳಿಗೆ ಹೆಚ್ಚಿನ ಬೆಲೆ ತೆರುವ ಅಗತ್ಯವಂತೂ ಮನೆಗಳಿಗೆ ಇಲ್ಲ: ದಿನಕ್ಕೆ 36 ಗ್ರಾಂ ಬೀಸಿದರೆ ವರ್ಷಕ್ಕೆ 13 ಕಿಲೊ ಬೀಜವಷ್ಟೇ ಆಗುತ್ತದೆ, ಸಾಮಾನ್ಯ ಉಕ್ಕಿನ ಬರ್ ನೂರಾರು ಕಿಲೊ ಬೀಸಿದ ಮೇಲಷ್ಟೇ ಮೊಂಡಾಗುತ್ತದೆ.