ಯಾರೂ ಓದದ ಗುಳಿಗಿ ಸ್ಟ್ರಿಪ್

ಸಿನಿಮಾ, ಪುಸ್ತಕ, ಮೊಬೈಲು, ಬಿರಿಯಾನಿ, ಎಲ್ಲದಕ್ಕೂ ವಿಮರ್ಶೆ ಬರೀತೀವಿ. ಆದರೆ ನಮ್ಮ ಅಪ್ಪ-ಅವ್ವ ದಿನಾ ಮುಂಜಾನೆ ಕೈಗೆತ್ತಿಕೊಳ್ಳುವ ಒಂದು ಬರಹ ಇದೆ. ಅದನ್ನು ಯಾರೂ ವಿಮರ್ಶೆ ಮಾಡಿದ್ದು ನಾನು ನೋಡಿಲ್ಲ. ಅದು ಬಿಪಿ ಗುಳಿಗಿಯ ಸ್ಟ್ರಿಪ್. ನಾನೂ ಅದನ್ನು ಓದಿದ್ದು ತಡವಾಗಿ, ಅದೂ ಪೆಟ್ಟು ತಿಂದ ಮೇಲೆ.

ಕಳೆದ ಮೇ ತಿಂಗಳು. ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ನಡೆದಿತ್ತು. ನೌಬಾದದಿಂದ ತಂಗಿಯ ಫೋನ್. "ಅಣ್ಣ, ಅವ್ವ ಚಕ್ಕರ್ ಬಂದು ನಳದ ಹತ್ರ ಬಿದ್ದಾಳ. ಪೆಟ್ಟೇನೂ ಆಗಿಲ್ಲ, ಆದ್ರ ಎದ್ದು ನಿಂತ್ರ ಕಣ್ಣಿಗಿ ಕತ್ತಲಿ ಬರ್ಲತ್ತದ ಅಂತಾಳ." ಮನೆಯ ಮಷಿನ್‌ನಲ್ಲಿ ಬಿಪಿ ನೋಡಲು ಹೇಳಿದೆ. 92/58. ಬಿಪಿ ಜಾಸ್ತಿ ಅಂತ ಗುಳಿಗಿ ತಗೊಳ್ಳೋ ಮನುಷ್ಯಳಿಗೆ ಇಷ್ಟು ಕಡಿಮೆ ಹೇಗೆ?

ವಿಡಿಯೊ ಕಾಲ್‌ನಲ್ಲಿ ಗುಳಿಗಿ ಡಬ್ಬಿ ತೋರಿಸು ಅಂದೆ. ಎರಡು ವಾರದ ಹಿಂದೆ ಡಾಕ್ಟರು ಔಷಧ ಬದಲಿಸಿದ್ದರು. ಮೊದಲು ಇದ್ದದ್ದು ಬರೀ ಟೆಲ್ಮಿಸಾರ್ಟನ್ 40. ಹೊಸದರಲ್ಲಿ ಅದೇ ಟೆಲ್ಮಿಸಾರ್ಟನ್ 40, ಜೊತೆಗೆ ಅಮ್ಲೋಡಿಪಿನ್ 5. ಅವ್ವ ಹಳೇದನ್ನೂ ಹೊಸದನ್ನೂ ಎರಡೂ ನುಂಗುತ್ತಿದ್ದಳು. ಮೇಲೆ ಬೀದರಿನ ಮೇ ತಿಂಗಳ ಬಿಸಿಲು, ನೀರು ಕುಡಿಯೋದು ಕಡಿಮೆ. ಬಿಪಿ ಕುಸಿಯಲು ಇಷ್ಟು ಸಾಕಾಗಿತ್ತು.

ಹಳೇ ಗುಳಿಗಿ ಖಾಲಿಯಾಗಬೇಕಿತ್ತಲ್ಲ, ಎಲ್ಲಿಂದ ಬಂತು? ನಾನೇ ಕಳಿಸಿದ್ದು. ತಿಂಗಳಿಗೊಮ್ಮೆ ತಾನಾಗಿ ಆರ್ಡರ್ ಆಗಿ ಮನೆಗೆ ಹೋಗುವಂತೆ ಆ್ಯಪ್‌ನಲ್ಲಿ ಹಾಕಿಟ್ಟು, ಮಗನ ಕರ್ತವ್ಯ ಮುಗೀತು ಅಂದುಕೊಂಡಿದ್ದೆ. ಔಷಧ ಬದಲಾದದ್ದು ಆ ಆರ್ಡರ್‌ಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಯಾಕಂದರೆ ನಾನು ಕೇಳಿರಲಿಲ್ಲ. ಅವ್ವ ಹೇಳಿದ್ದು ಇಷ್ಟೇ: "ಒಂದು ನೀ ಕಳ್ಸಿದ್ದು, ಒಂದು ಡಾಕ್ಟ್ರು ಕೊಟ್ಟಿದ್ದು. ಹೆಸ್ರು ಬ್ಯಾರೆ ಬ್ಯಾರೆ ಅವ. ಎರಡೂ ತಗೋಬೇಕು ಅಂದ್ಕೊಂಡೆ."

ಹೆಸರು ಬೇರೆ ಬೇರೆ. ನನ್ನ ಮೊದಲ ತಕರಾರು ಇದೇ. ಒಂದೇ ಔಷಧಕ್ಕೆ ಕಂಪನಿಗೊಂದು ಹೆಸರು, ಆ ಹೆಸರಿಗೆ ಮತ್ತೆ ಬಾಲ: ಎಎಮ್, ಎಚ್, ಸಿಟಿ. ಎಎಮ್ ಅಂದರೆ ಸಾಮಾನ್ಯವಾಗಿ ಅಮ್ಲೋಡಿಪಿನ್ ಸೇರಿದೆ, ಎಚ್ ಅಂದರೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಸೇರಿದೆ ಅಂತ. ಗೊತ್ತಿಲ್ಲದವರು ಎಎಮ್ ನೋಡಿ ಮುಂಜಾನೆ ತಗೊಳ್ಳೋ ಗುಳಿಗಿ ಅಂದುಕೊಂಡರೆ ತಪ್ಪು ಅವರದಾ? ಔಷಧದ ಮೂಲ ಹೆಸರನ್ನು ಬ್ರಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಹಾಕಬೇಕು ಅಂತ 2018ರಲ್ಲಿ ನಿಯಮ ಬಂತು. ಒಳ್ಳೇದೇ. ಆದರೆ ಆ ದೊಡ್ಡ ಅಕ್ಷರ ಇಂಗ್ಲಿಷಿನಲ್ಲಿ, ಮಿಂಚುವ ಹಾಳೆಯ ಮೇಲೆ. ನಾಲ್ಕನೇ ಇಯತ್ತೆ ಓದಿದ ಅವ್ವ ಅದನ್ನು ಬಣ್ಣದಿಂದ ಗುರುತಿಸುತ್ತಾಳೆ. ಮೆಡಿಕಲ್‌ದವರು ಬೇರೆ ಕಂಪನಿಯದು ಕೊಟ್ಟರೆ ಬಣ್ಣವೂ ಬದಲಾಯಿತು.

ಇನ್ನು ಕ್ಯೂಆರ್ ಕೋಡ್. 2023ರ ಆಗಸ್ಟ್ 1ರಿಂದ 300 ಬ್ರಾಂಡ್‌ಗಳ ಮೇಲೆ ಕಡ್ಡಾಯ. ಸಾಫ್ಟ್‌ವೇರ್‌ನವನಾದ ನನಗೆ ಖುಷಿಯಾಗಬೇಕಿತ್ತು. ನಿಯಮದ ಪ್ರಕಾರ ಅದರಲ್ಲಿ ಇರಬೇಕಾದ್ದು ಏನು? ಔಷಧದ ಹೆಸರು, ತಯಾರಕರ ವಿಳಾಸ, ಬ್ಯಾಚ್ ನಂಬರು, ತಯಾರಾದ ದಿನ, ಎಕ್ಸ್‌ಪೈರಿ, ಲೈಸೆನ್ಸ್ ನಂಬರು. ನಕಲಿ ಔಷಧ ಹಿಡಿಯಲು ಉಪಯೋಗ, ಒಪ್ಪುತ್ತೇನೆ. ಆದರೆ ಮರೆತರೆ ಏನು ಮಾಡಬೇಕು, ಯಾವುದರ ಜೊತೆ ತಗೋಬಾರದು ಅನ್ನೋದು ಕಡ್ಡಾಯವಿಲ್ಲ. ಅದೇ ಕೋಡ್‌ನೊಳಗೆ ಕನ್ನಡದಲ್ಲಿ ನಾಲ್ಕು ಸಾಲು, ಒಂದು ಆಡಿಯೊ ಇಡೋದು ಎಷ್ಟು ದೊಡ್ಡ ಕೆಲಸ? ನಮ್ಮ ಟೀಮಿನ ಫ್ರೆಶರ್ ಒಂದು ವಾರದಲ್ಲಿ ಮಾಡಿಕೊಡ್ತಾನೆ.

ಇಡೀ ವ್ಯವಸ್ಥೆಯಲ್ಲಿ ನನಗೆ ಚೆನ್ನಾಗಿ ಕಂಡ ಬರಹ ಒಂದೇ: ಡಾಕ್ಟರು ಚೀಟಿಯಲ್ಲಿ ಬರೆಯುವ 1-0-1. ಮುಂಜಾನೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ನಮ್ಮ ಓಣಿಯಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು ನಾಲ್ಕೂ ಇವೆ. ನಾಲ್ವರಿಗೂ ಅದು ತಿಳೀತದೆ. ಆದರೆ ಆ ಚೀಟಿ ಮನೆಗೆ ಬಂದ ಎರಡೇ ದಿನಕ್ಕೆ ಕಳೆದು ಹೋಗ್ತದೆ, ಉಳಿಯೋದು ಸ್ಟ್ರಿಪ್. ಅದನ್ನೂ ಐದು ಗುಳಿಗಿ ಅಂತ ಕತ್ತರಿಸಿ ಕೊಟ್ಟರೆ ಎಕ್ಸ್‌ಪೈರಿ ಇರುವ ತುದಿ ಅಂಗಡಿಯಲ್ಲೇ ಉಳಿಯಬಹುದು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಡಾಕ್ಟರು ಹಳೇ ಗುಳಿಗಿ ನಿಲ್ಲಿಸಿದರು, ಅವ್ವ ಸುಧಾರಿಸಿಕೊಂಡಳು. ಆದರೆ ಹೆದರಿ, ಹೊಸದನ್ನೂ ಬಿಟ್ಟಳು, ನಮಗೆ ಹೇಳದೆ. "ಬಿಪಿ ಗುಳಿಗಿ ಕಿಡ್ನಿ ಕೆಡಸ್ತದ" ಅನ್ನುವ ವಾಟ್ಸಾಪ್ ಮೆಸೇಜೂ ಅದೇ ಹೊತ್ತಿಗೆ ಬಂದಿತ್ತು. ನಿಜ ಅದಕ್ಕೆ ಉಲ್ಟಾ. ಹತೋಟಿಗೆ ಬಾರದ ಬಿಪಿಯೇ ವರ್ಷಗಟ್ಟಲೆ ಕಿಡ್ನಿ ಕೆಡಿಸೋದು. ಹತ್ತು ದಿನಕ್ಕೆ ಮಷಿನ್ 178/104 ತೋರಿಸಿತು. ಅವ್ವಗೆ ತಲೆನೋವೂ ಇಲ್ಲ, ಏನೂ ಇಲ್ಲ. ನಮ್ಮ ನೌಬಾದದ ಬಹಮನಿ ಕಾಲದ ಸುರಂಗ ಬಾವಿಯ ನೀರಿನ ಹಾಗೆ, ಮೇಲೆ ನಿಂತವರಿಗೆ ಒಳಗಿನ ಹರಿವು ಗೊತ್ತೇ ಆಗೋದಿಲ್ಲ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿದಂತೆ ದೇಶದ ವಯಸ್ಕರಲ್ಲಿ 35.5% ಮಂದಿಗೆ ಬಿಪಿ ಇದೆ. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ನೀವೇ ಆಗಿರಬಹುದು.

ಆ ರಾತ್ರಿ ಬಸ್ ಹತ್ತಿದೆ. ಮನೆಯಲ್ಲಿ ಕೂತು ಡಬ್ಬಿಯೆಲ್ಲ ಸುರಿದೆ. ಮೊಣಕಾಲು ನೋವಿಗೆ ಅಂತ ಅಂಗಡಿಯಿಂದ ತಂದ ಡೈಕ್ಲೋಫಿನಾಕ್ ಸಿಕ್ಕಿತು. ಈ ಜಾತಿಯ ನೋವಿನ ಗುಳಿಗಿ ಬಿಪಿ ಏರಿಸಬಹುದು, ಟೆಲ್ಮಿಸಾರ್ಟನ್ ಜೊತೆ ಸೇರಿದರೆ ಕಿಡ್ನಿಗೂ ಭಾರ. ಅಂಗಡಿಯವರು ಕೇಳಿರಲಿಲ್ಲ, ಅವ್ವ ಹೇಳಿರಲಿಲ್ಲ. ಮರುದಿನ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ದವಾಖಾನಿಗೆ ಹೋದೆವು. ಡಾಕ್ಟರ ಮುಂದೆ ಟೇಬಲ್ ಮೇಲೆ ಸುರಿದು, ಯಾವುದು ಇರಬೇಕು, ಯಾವುದು ಬೇಡ ಅಂತ ಕೇಳಿದೆವು. ಐದೇ ನಿಮಿಷದ ಕೆಲಸ. ಮೂರು ವರ್ಷದಲ್ಲಿ ನಾನು ಒಮ್ಮೆಯೂ ಮಾಡಿರಲಿಲ್ಲ.

ಅಲ್ಲಿ ಕಲಿತದ್ದನ್ನು ಒಂದು ಹಾಳೆಯಲ್ಲಿ ಬರೆದೆ. ಒಂದು ಹೊತ್ತು ಮರೆತರೆ ನೆನಪಾದಾಗ ತಗೋ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಡು, ಎರಡು ಒಟ್ಟಿಗೆ ಬೇಡ. ವಾಂತಿ-ಭೇದಿ ಆದರೆ ಡಾಕ್ಟರಿಗೆ ಫೋನ್ ಮಾಡು. ಕಾಲು ಬಾತರೆ, ಚಕ್ಕರ್ ಬಂದರೆ ಹೇಳು, ನೀನೇ ನಿಲ್ಲಿಸಬೇಡ. ಪಕ್ಕದ ಮನೆ ಕಾಕಾಗೆ ಸ್ಟೆಂಟ್ ಹಾಕಿದ್ದಾರೆ, ಅವರಿಗೂ ಒಂದು ಹಾಳೆ ಮಾಡಿಕೊಟ್ಟೆ. ಅದರಲ್ಲಿ ಎಲ್ಲಕ್ಕಿಂತ ಮೇಲೆ: ಹಲ್ಲು ಕೀಳಿಸಲು ಹೋದರೂ ಸರಿ, ರಕ್ತ ತೆಳುವಾಗಿಸುವ ಗುಳಿಗಿಯನ್ನು ಹೃದಯದ ಡಾಕ್ಟರನ್ನು ಕೇಳದೆ ಬಿಡಬಾರದು.

ತಾನಾಗಿ ಆಗುವ ಆರ್ಡರ್ ತೆಗೆದು ಹಾಕಿದೆ. ಈಗ ತಿಂಗಳ ಮೊದಲ ಭಾನುವಾರ ವಿಡಿಯೊದಲ್ಲಿ ಹಾಳೆ ಒಂದು ಕಡೆ, ಸ್ಟ್ರಿಪ್ ಒಂದು ಕಡೆ ಇಟ್ಟು ನೋಡಿ, ಆಮೇಲೆ ಆರ್ಡರ್ ಮಾಡ್ತೀನಿ.

ಹಾಳೆಯನ್ನು ದೇವರ ಮಾಡದ ಪಕ್ಕ ಅಂಟಿಸಿ, ಹೆಂಗದ ಅಂತ ಕೇಳಿದೆ. ಅವ್ವ ಕನ್ನಡಕ ಏರಿಸಿ ನಿಧಾನಕ್ಕೆ ಓದಿದಳು.

"ಎಲ್ಲಾ ತಿಳೀತದ. ಅಕ್ಷರ ಇನ್ನಷ್ಟು ದೊಡ್ಡವು ಮಾಡು."