ವಳ್ಳಿಯಮ್ಮನ ಮೊಮ್ಮಗನ ಎರಡನೆಯ ಗೀತಸಂಪುಟ

ಕನ್ನಡ ಸಂಘದ ಪತ್ರಿಕೆಯಲ್ಲಿ ತಮಿಳು ರ‍್ಯಾಪ್ ಗಾಯಕರೊಬ್ಬರ ವಿಚಾರವೇಕೆ ಎಂದು ವಾಚಕರಲ್ಲಿ ಕೆಲವರಾದರೂ ಹುಬ್ಬು ಗಂಟಿಕ್ಕಿಯಾರು. ಹೊಸೂರಿನ ಬೀದಿಗಳಲ್ಲಿ ನಮ್ಮ ಮಕ್ಕಳು ಗುನುಗುವುದನ್ನು ಕಿವಿಗೊಟ್ಟು ಕೇಳಿದವರು ಹಾಗೆ ಕೇಳಲಾರರು. ಮೇಲಾಗಿ, ಅರಕ್ಕೋಣದ ಆ ಕವಿಯ ಹೆಸರೇ ಅರಿವು. ಅದರ ಅರ್ಥವನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2019ರಲ್ಲಿ ಆಫ್ರೋ ಎಂಬ ಸಂಗೀತಗಾರರೊಡಗೂಡಿ ಅವರು ಹೊರತಂದ ಸಂಪುಟ ‘ತೆರುಕ್ಕುರಲ್’. ಕುರಳ್ ಎಂದರೆ ಕಿರುಪದ್ಯ. ಕುರಲ್ ಎಂದರೆ ದನಿ, ನಮ್ಮ ಹಳಗನ್ನಡದ ‘ಕೊರಲ್’ಗೆ ನಂಟು. ತಿರುವಳ್ಳುವರ ಕೃತಿಯ ಹೆಸರನ್ನು ಬೀದಿಗಿಳಿಸಿದ ಆ ಶ್ಲೇಷೆಯಲ್ಲೇ ಜಾತಿಯ ವಿರುದ್ಧದ ಸಿಟ್ಟು ಮೊದಲಾಗುತ್ತದೆ. ಐದು ವರ್ಷಗಳ ತರುವಾಯ, 2024ರಲ್ಲಿ, ಹನ್ನೆರಡು ಹಾಡುಗಳ ‘ವಳ್ಳಿಯಮ್ಮ ಪೇರಾಂಡಿ’ ಬಂದಿತು. ವಳ್ಳಿಯಮ್ಮಾಳ್ ಈ ಕವಿಯ ಅಜ್ಜಿ. ಸಿಂಹಳದ ಚಹಾ ತೋಟಗಳಲ್ಲಿ ದುಡಿದು ಬರಿಗೈಯಲ್ಲಿ ಹಿಂದಿರುಗಿದವರು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಲ್ಲಿ ಎರಡು ಸರಕಾರಗಳು ಅಂಥ 5,25,000 ಮಂದಿಯನ್ನು ಭಾರತದ ಪಾಲಿಗೆ ಲೆಕ್ಕ ಹಾಕಿದ್ದವು. ತಮಿಳಿನ ‘ಪೇರನ್’ ಎಂಬ ಮಾತಿಗೆ ಮೂಲದಲ್ಲಿ ಹೆಸರನ್ನು ಹೊತ್ತವನು ಎಂದರ್ಥ; ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ರೂಢಿ. ಈ ಮೊಮ್ಮಗ ಹೊತ್ತಿರುವುದು ಅಜ್ಜಿಯ ಹೆಸರನ್ನು. ಲೆಕ್ಕದಲ್ಲಿ ಅಂಕಿಯಾಗಿದ್ದವಳು ಇಲ್ಲಿ ಶೀರ್ಷಿಕೆಯಾಗಿದ್ದಾಳೆ.

ಈ ಹೆಸರಿಗೊಂದು ಹಿಂದಿನ ಕಥೆಯುಂಟು. 2021ರ ‘ಎಂಜಾಯ್ ಎಂಜಾಮಿ’ ಹಾಡನ್ನು ಹತ್ತಾರು ಕೋಟಿ ಸಲ ಜನ ಕೇಳಿದರು. ವಳ್ಳಿಯಮ್ಮನ ಹೆಸರು ಅಲ್ಲಿಯೂ ಇತ್ತು. ಆದರೆ ಆ ವರ್ಷ ‘ರೋಲಿಂಗ್ ಸ್ಟೋನ್ ಇಂಡಿಯಾ’ದ ಮುಖಪುಟದಲ್ಲಿ ಧೀ ಮತ್ತು ಶಾನ್ ವಿನ್ಸೆಂಟ್ ಡಿ ಪಾಲ್ ಕಾಣಿಸಿಕೊಂಡರು, ಅರಿವು ಇರಲಿಲ್ಲ. ನಿರ್ದೇಶಕ ಪಾ. ರಂಜಿತ್ ಆಕ್ಷೇಪಿಸಿದ ಮೇಲೆ ಅವರಿಗೂ ಒಂದು ಮುಖಚಿತ್ರ ದೊರೆಯಿತು. 2022ರ ಚದುರಂಗ ಒಲಿಂಪಿಯಾಡಿನ ಉದ್ಘಾಟನೆಯಲ್ಲಿ ಅದೇ ಹಾಡು ಅವರಿಲ್ಲದೆ ನಡೆದಾಗ, ಬರೆದವರಾರು, ರಾಗ ಕೂಡಿಸಿದವರಾರು ಎಂಬ ವಾದ ಬಹಿರಂಗವಾಯಿತು. ಸಂತೋಷ್ ನಾರಾಯಣನ್ ಮತ್ತು ಧೀ ಅದು ಮೂವರ ಕೃತಿಯೆಂದರು. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಎರಡನೆಯ ಸಂಪುಟವನ್ನು ಹಲವರು ಆ ಜಗಳದ ಉತ್ತರವಾಗಿಯೇ ಕೇಳಿದರೆಂಬುದು ಮಾತ್ರ ನಮ್ಮ ದೂರು. ಹಾಡನ್ನು ಹಾಡಾಗಿ ಕೇಳುವ ವ್ಯವಧಾನವೇ ಉಳಿಯಲಿಲ್ಲ.

ಹಾಗೆ ಕೇಳಿದರೆ ಮೊದಲು ಸೆರೆಹಿಡಿಯುವುದು ಪ್ರಾಸ. ನಮ್ಮ ದ್ವಿತೀಯಾಕ್ಷರ ಪ್ರಾಸವನ್ನೇ ತಮಿಳರು ಎದುಗೈ ಎನ್ನುತ್ತಾರೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಸಂಕೋಲೆಯೆಂದು ಕಳಚಿದ ಆ ಪ್ರಾಸವನ್ನೇ ಈತ ಚಾಟಿಯಾಗಿ ಬೀಸುತ್ತಾರೆ. ಪೈಗಳು ತಪ್ಪಿದರೆಂದು ನಾವು ಹೇಳುತ್ತಿಲ್ಲ; ಅವರ ಮುಂದಿದ್ದುದು ಪಂಡಿತರ ಪ್ರಾಸ, ಇದು ಒಪ್ಪಾರಿಯಲ್ಲಿ ಎದೆ ಬಡಿದುಕೊಂಡು ಅಳುವ ಹೆಂಗಸರ ಪ್ರಾಸ. ದೋಷವಿಲ್ಲದಿಲ್ಲ. ಯಂತ್ರದ ತಾಳ ಕೆಲವೆಡೆ ಮಾತನ್ನೇ ನುಂಗುತ್ತದೆ. ತನ್ನನ್ನು ತಾನೇ ಹೊಗಳಿಕೊಳ್ಳುವ ರ‍್ಯಾಪಿನ ಚಾಳಿ ಅಜ್ಜಿಯ ಪಕ್ಕದಲ್ಲಿ ಸಣ್ಣದಾಗಿ ಕಾಣುತ್ತದೆ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಓದಿದವರಿಗೆ ಈ ಸಿಟ್ಟು ಹೊಸದೂ ಅಲ್ಲ.

ಇದನ್ನು ಕೇಳಿದ ಮರುದಿನ ನಾವು ಐದನೆಯ ತರಗತಿಯಲ್ಲಿ ಮಕ್ಕಳಿಗೆ ಅವರವರ ಅಜ್ಜಿಯ ಹೆಸರು ಕೇಳಿದೆವು. ಬಹುಮಂದಿ “ಅಜ್ಜಿ ಅಂತಲೇ ಕರೆಯೋದು ಸಾರ್” ಎಂದರು. ಒಬ್ಬ ಹುಡುಗ ಮಾತ್ರ ಹೆಸರು ಹೇಳಿ, ಆಕೆ ರಾಗಿ ಬೀಸುವಾಗ ಹಾಡುತ್ತಿದ್ದ ಪದದ ಅರ್ಧ ಸಾಲನ್ನು ಕನ್ನಡದಲ್ಲಿ ಹೇಳಿದ. ಮಿಕ್ಕರ್ಧ ಅವನಿಗೆ ಬರಲಿಲ್ಲ.